ಕಿರ್ದಿ ಪುಸ್ತಕದಲ್ಲಿ ಹೊಡೆದುಹಾಕಿದ ಅಂಕಿಗಳು

ಕಳೆದ ವರ್ಷ ದೀಪಾವಳಿ ಮುಗಿದು, ಮೆಕ್ಕೆಜೋಳದ ಆವಕ ಜೋರಾಗಿದ್ದ ಒಂದು ಸಂಜೆ, ದಾವಣಗೆರೆಯ ಎಪಿಎಂಸಿಯಿಂದ ಮನೆಗೆ ಹೊರಟಿದ್ದವನು ಪಿ.ಬಿ. ರಸ್ತೆಯಲ್ಲಿ ಅಡ್ಡ ಬಂದ ಹಂದಿಯೊಂದನ್ನು ತಪ್ಪಿಸಲು ಹೋಗಿ ಸ್ಕೂಟರ್ ಸಮೇತ ಬಿದ್ದೆ. ತಲೆಯ ಮೇಲೆ ಅರ್ಧ ಹೆಲ್ಮೆಟ್ ಇತ್ತು, ಅದರ ಪಟ್ಟಿ ಹಾಕಿರಲಿಲ್ಲ. ಚೀಲ ಹರಿದು ರಸ್ತೆಯ ತುಂಬ ಚೆಲ್ಲಿದ್ದ ಮಂಡಕ್ಕಿಯನ್ನು ನಾನು ಕೂತಲ್ಲೇ ಬಾಚಿ ಬಾಚಿ ಗುಡ್ಡೆ ಹಾಕುತ್ತಿದ್ದೆನೆಂದು ಎಬ್ಬಿಸಿದವರು ಆಮೇಲೆ ಹೇಳಿದರು. ನನಗೆ ಅದರ ನೆನಪಿಲ್ಲ. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು, ರಕ್ತಸ್ರಾವವಿಲ್ಲ, ಮೂಳೆ ಮುರಿದಿಲ್ಲ, ಏನೂ ಆಗಿಲ್ಲ ಎಂದು ಮರುದಿನವೇ ಮನೆಗೆ ಕಳುಹಿಸಿದರು. ಮನೆಯವರು ದುಗ್ಗಮ್ಮನಿಗೆ ಹಣ್ಣುಕಾಯಿ ಮಾಡಿಸಿದರು.

ಏನೂ ಆಗಿಲ್ಲ ಎಂಬ ಆ ಮಾತೇ ಮುಂದಿನ ನಾಲ್ಕು ತಿಂಗಳು ನನ್ನನ್ನು ಹೆಚ್ಚು ಕಾಡಿತು. ನಾನು ದಲ್ಲಾಳಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆಯುವ ಗುಮಾಸ್ತ. ವಾರ ಬಿಟ್ಟು ಕೆಲಸಕ್ಕೆ ಹೋದರೆ ಅಂಕಿಗಳು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, 47 ಎಂದು ಓದಿ 74 ಎಂದು ಬರೆಯುತ್ತಿದ್ದೆ. ಹಮಾಲರ ಕೂಗು, ಲಾರಿಯ ಹಾರ್ನು, ಟ್ಯೂಬ್‌ಲೈಟಿನ ಬೆಳಕು ಎಲ್ಲವೂ ತಲೆಯೊಳಗೆ ಚುಚ್ಚಿದಂತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಸಾಹುಕಾರರು ಒಳ್ಳೆಯವರು, "ಇನ್ನೊಂದು ನಾಕು ದಿನ ಆರಾಮ್ ಮಾಡ್ರಿ" ಎಂದರು. ನೆಂಟರು ಮಾತ್ರ "ಸ್ಕ್ಯಾನಿಂಗ್ ನಾರ್ಮಲ್ ಬಂದೈತಲ್ಲ, ಮತ್ತೇನ್ ನಿಂದು?" ಎಂದು ಕೇಳುತ್ತಿದ್ದರು. ಅವರಲ್ಲೇ ಒಬ್ಬರ ಸಲಹೆಯ ಮೇರೆಗೆ ಮೂರು ವಾರ ಕಿಟಕಿ ಮುಚ್ಚಿ ಕತ್ತಲೆಯ ಕೋಣೆಯಲ್ಲಿ ಮಲಗಿದೆ. ಅದರಿಂದ ಗುಣವಾಗುವುದಿರಲಿ, ನನಗೆ ಇನ್ನೇನೋ ದೊಡ್ಡದೇ ಆಗಿದೆ ಎಂಬ ಭಯ ಗಟ್ಟಿಯಾಯಿತು.

ಇದಕ್ಕೊಂದು ಹೆಸರಿದೆ ಎಂದು ತಿಳಿಸಿದವರು ಆಮೇಲೆ ನೋಡಿದ ನರರೋಗ ತಜ್ಞರು. ಪೆಟ್ಟು ಬಿದ್ದವರ ಎಚ್ಚರವನ್ನು ಅಳೆಯಲು ವೈದ್ಯರು 1974ರಿಂದ ಬಳಸುತ್ತಿರುವ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ 15ಕ್ಕೆ 13 ಅಥವಾ ಅದಕ್ಕಿಂತ ಹೆಚ್ಚು ಅಂಕವಿದ್ದು, ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆಯನ್ನು ಮೀರದೆ, ನೆನಪು ಅಳಿಸಿದ್ದು ಒಂದು ದಿನದೊಳಗೆ ಮುಗಿದಿದ್ದರೆ ಅದನ್ನು ಸೌಮ್ಯ ಮಿದುಳಿನ ಪೆಟ್ಟು ಎನ್ನುತ್ತಾರೆ. ಸೌಮ್ಯ ಎಂಬುದು ಬಿದ್ದ ದಿನದ ಸ್ಥಿತಿಯ ವರ್ಣನೆಯೇ ಹೊರತು ಮುಂದಿನ ತಿಂಗಳುಗಳ ಭರವಸೆಯಲ್ಲ. ಸಿಟಿಯಲ್ಲಿ ರಕ್ತ, ಊತ, ಮುರಿತಗಳು ಕಾಣುತ್ತವೆ. ಅಲುಗಾಡಿದ ಮಿದುಳಿನಲ್ಲಿ ನರತಂತುಗಳು ಜಗ್ಗಿ, ಕೆಲವು ದಿನ ಅದರ ರಾಸಾಯನಿಕ ಸಮತೋಲ ತಪ್ಪುವುದು ಅದರಲ್ಲಿ ಕಾಣುವುದಿಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ, ತಪ್ಪಿದರೆ ಮೂರು ತಿಂಗಳೊಳಗೆ ಸರಿಹೋಗುತ್ತಾರೆ. ಉಳಿದ ಕೆಲವರಲ್ಲಿ ನಾನೊಬ್ಬ. ಕತ್ತಲೆ ಕೋಣೆಯ ವಿಷಯ ಕೇಳಿ ಅವರು ನಕ್ಕರು. ಮೊದಲ ಒಂದೆರಡು ದಿನ ಸಾಧಾರಣ ವಿಶ್ರಾಂತಿ ಸಾಕು, ಅನಂತರ ಸ್ವಲ್ಪ ಸ್ವಲ್ಪವಾಗಿ ಓಡಾಟಕ್ಕೆ ಮರಳಬೇಕೆಂಬುದೇ ಈಗಿನ ಸಲಹೆಯಂತೆ.

ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮಾಡಿಸಿ ಎಂದು ಅವರು ಬರೆದುಕೊಟ್ಟಾಗ ನನಗೆ ಸಿಟ್ಟು ಬಂತು. ಹಾಗಾದರೆ ಇದೆಲ್ಲ ನನ್ನ ಕಲ್ಪನೆಯೇ ಎಂದು ಕೇಳಿಯೇಬಿಟ್ಟೆ. "ಪೆಟ್ಟು ಅಸಲು, ಅದು ನಿಜ. ಅದರ ಮೇಲೆ ಭಯ, ನಿದ್ರೆಗೇಡು, ಮನೆಯೊಳಗೇ ಕೂರುವುದು ಇವೆಲ್ಲ ಬಡ್ಡಿ. ಅಸಲು ತಾನಾಗಿ ತೀರುತ್ತಾ ಬರುತ್ತದೆ, ಬಡ್ಡಿ ಬೆಳೆಯದಂತೆ ನೋಡಿಕೊಳ್ಳೋಣ" ಎಂದರು. ಗುಮಾಸ್ತನಿಗೆ ಗುಮಾಸ್ತನ ಭಾಷೆಯಲ್ಲೇ ಹೇಳಿದ್ದರಿಂದ ಒಪ್ಪಿಕೊಂಡೆ.

ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಗಳೆರಡನ್ನೂ ತಿದ್ದುವ ಮಾತಿನ ಚಿಕಿತ್ಸೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ್ದು, ಈಗ ಆತಂಕ, ನಿದ್ರಾಹೀನತೆ, ದೀರ್ಘಕಾಲದ ನೋವುಗಳಿಗೂ ಬಳಕೆಯಲ್ಲಿದೆ. ಇದನ್ನು ಅಂತರ್ಜಾಲದ ಮೂಲಕ ಕೊಡುವ ಪದ್ಧತಿಯೂ ಹೊಸದಲ್ಲ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ನರರೋಗಿಗಳಿಗೆಂದೇ ಇಂಥ ಆನ್‌ಲೈನ್ ಪಾಠಕ್ರಮವನ್ನು ಸಿದ್ಧಪಡಿಸಿದ್ದಾರೆ. ನನ್ನದು ಪಾಠಕ್ರಮವಲ್ಲ, ಬೆಂಗಳೂರಿನಲ್ಲಿದ್ದ ಮೇಡಂ ಒಬ್ಬರೊಂದಿಗೆ ವಾರಕ್ಕೊಮ್ಮೆ ವಿಡಿಯೋ ಕರೆ. ಇಲ್ಲಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಬಂದರೆ ನನ್ನ ತಲೆನೋವಿಗೆ ಎರಡು ದಿನ ಬೇಕಾಗುತ್ತಿತ್ತು. ಚಿಕಿತ್ಸೆಯನ್ನು ಕನ್ನಡದಲ್ಲೇ ಕೊಡಬಲ್ಲವರು ಬೇಕೆಂಬುದು ನನ್ನ ಇನ್ನೊಂದು ಹಟವಾಗಿತ್ತು, ಏಕೆಂದರೆ ನನ್ನ ಭಯಗಳೆಲ್ಲ ಕನ್ನಡದಲ್ಲೇ ಇದ್ದವು.

ಆದರೆ ಪರದೆ ನೋಡಿದರೆ ತಲೆ ಸುತ್ತುವವನಿಗೆ ಪರದೆಯ ಮೇಲೆ ಚಿಕಿತ್ಸೆ! ಮೊದಲ ಕರೆ ಹದಿನೈದನೇ ನಿಮಿಷಕ್ಕೇ ನಿಂತಿತು. ಮಿದುಳಿನ ಪೆಟ್ಟಿನವರಿಗೆ ಈ ಚಿಕಿತ್ಸೆಯನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದು ನನಗೆ ಅರ್ಥವಾದದ್ದು ಅದರ ನಂತರವೇ. ಮಾಮೂಲಿ ಐವತ್ತು ನಿಮಿಷಗಳ ಬದಲು ವಾರಕ್ಕೆ ಎರಡು ಸಲ ಇಪ್ಪತ್ತೈದು ನಿಮಿಷ. ಮುಖ ನೋಡುವುದು ಮೊದಲೆರಡು ನಿಮಿಷ ಮಾತ್ರ, ಆಮೇಲೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟು ಬರೀ ದನಿ. ಒಂದು ಸಲಕ್ಕೆ ಒಂದೇ ವಿಷಯ. ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಮುಗಿದ ಮೇಲೆ ನಾಲ್ಕು ಸಾಲಿನ ಸಾರಾಂಶ ವಾಟ್ಸಾಪಿಗೆ ಬರುತ್ತಿತ್ತು, ಅದನ್ನು ಮಗಳು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತಿದ್ದಳು. ನೆನಪು ಜಾರುವ ರೋಗಿಗೆ ಮನೆಪಾಠ ಕೊಟ್ಟು, ಮರೆತದ್ದಕ್ಕೆ ಉದಾಸೀನವೆಂದು ಬೈಯುವುದರಲ್ಲಿ ಅರ್ಥವಿಲ್ಲವಲ್ಲ.

ಮೊದಲು ಕೈ ಹಾಕಿದ್ದು ನನ್ನ ದಿನಚರಿಗೆ. ತಲೆ ಹಗುರಾಗಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಲು ಹೋಗಿ, ಮುಂದಿನ ಎರಡು ದಿನ ಹಾಸಿಗೆ ಹಿಡಿಯುವುದು ನನ್ನ ಪದ್ಧತಿಯಾಗಿತ್ತು. ಒಳ್ಳೆಯ ದಿನವಿರಲಿ, ಕೆಟ್ಟ ದಿನವಿರಲಿ, ಇಪ್ಪತ್ತು ನಿಮಿಷ ಲೆಕ್ಕ, ಐದು ನಿಮಿಷ ಕಣ್ಣು ಮುಚ್ಚಿ ಕೂರುವುದು ಎಂದು ಗೊತ್ತುಮಾಡಿದರು. ಚೆನ್ನಾಗಿದ್ದ ದಿನ ಇಪ್ಪತ್ತಕ್ಕೇ ನಿಲ್ಲಿಸುವುದು ಕೆಟ್ಟ ದಿನ ಇಪ್ಪತ್ತರವರೆಗೆ ಎಳೆಯುವುದಕ್ಕಿಂತ ಕಷ್ಟವಾಯಿತು. ನಿದ್ದೆಗೆ ಹೇಳಿದ್ದು ಸರಳ: ಎದ್ದೇಳುವ ಹೊತ್ತು ಬದಲಾಗಕೂಡದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರಬೇಕು. ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡಿಗೆ, ಮೊದಲ ವಾರ ಹತ್ತು ನಿಮಿಷ.

ಯೋಚನೆಗಳನ್ನು ಬರೆದಿಡಲು ಅವರು ಒಂದು ನಮೂನೆ ಕಳುಹಿಸಿದರು. ನಾನು ಅದನ್ನು ಬಿಟ್ಟು ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಗಳನ್ನೇ ಬಳಸಿದೆ: ಮೇಲೆ ಯೋಚನೆ, ಜಮಾ ಕಡೆ ಅದು ನಿಜವೆನ್ನಲು ಆಧಾರ, ಖರ್ಚಿನ ಕಡೆ ಅಲ್ಲವೆನ್ನಲು ಆಧಾರ. ಮೊದಲ ನಮೂದು, "ನನ್ನ ಮಿದುಳು ಕೆಟ್ಟುಹೋಗಿದೆ, ಮೊದಲು ನಾನು ಒಂದು ತಪ್ಪನ್ನೂ ಮಾಡುತ್ತಿರಲಿಲ್ಲ." ಜಮಾ ಕಡೆ ಪುಟ ತುಂಬಿತು. ಖರ್ಚಿನ ಕಡೆ ಏನೂ ಇಲ್ಲ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ವರ್ಷದ ಹಿಂದಿನ ಕಿರ್ದಿ ಅಂಗಡಿಯಲ್ಲಿದೆಯಾ ಸರ್? ಅದರಲ್ಲಿ ಹೊಡೆದುಹಾಕಿದ ಅಂಕಿ ಎಷ್ಟಿವೆ, ಎಣಿಸಿ ಬನ್ನಿ" ಎಂದರು.

ಅಟ್ಟದ ಮೇಲಿದ್ದ ಪುಸ್ತಕವನ್ನು ಇಳಿಸಿ, ಧೂಳು ಕೊಡವಿ, ನವೆಂಬರ್ ತಿಂಗಳನ್ನು ತೆಗೆದೆ. ಒಂದೇ ತಿಂಗಳಲ್ಲಿ ಹತ್ತೊಂಬತ್ತು ಕಡೆ ಹೊಡೆದುಹಾಕಿದ್ದೆ. ಒಂದು ಕಡೆಯಂತೂ ರೈತರೊಬ್ಬರ ಪಟ್ಟಿಯಲ್ಲಿ 38 ಚೀಲವನ್ನು 83 ಎಂದು ಬರೆದು, ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಸಹಿ ನನ್ನದೇ, ನೆನಪು ಮಾತ್ರ ಎಳ್ಳಷ್ಟೂ ಇರಲಿಲ್ಲ. ಆಗ ತಪ್ಪಾದರೆ ತಿದ್ದಿ ಚಹಾ ಕುಡಿಯಲು ಹೋಗುತ್ತಿದ್ದೆ, ಈಗ ಅದೇ ತಪ್ಪಾದರೆ ಮಿದುಳೇ ಹೋಯಿತೆಂದು ಬೆವರುತ್ತಿದ್ದೆ. ತಲೆಗೆ ಪೆಟ್ಟು ಬಿದ್ದವರು ಪೆಟ್ಟಿಗೆ ಮುಂಚಿನ ತಮ್ಮನ್ನು ನಿಜಕ್ಕಿಂತ ಚುರುಕಾಗಿ ನೆನಪಿಸಿಕೊಳ್ಳುವುದುಂಟೆಂದೂ, ಸಂಶೋಧಕರು ಇದನ್ನು ಗುರುತಿಸಿದ್ದಾರೆಂದೂ ಅವರು ಹೇಳಿದ್ದು ಎಣಿಕೆ ಮುಗಿದ ಮೇಲೆ. ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಇದೆಲ್ಲದರಿಂದ ತಲೆನೋವು ಮಾಯವಾಯಿತೆಂದು ಬರೆದರೆ ಸುಳ್ಳಾದೀತು. ಈಗಲೂ ವಾರಕ್ಕೊಮ್ಮೆ ಬರುತ್ತದೆ, ಸಂತೆಯಂಥ ಗದ್ದಲವನ್ನು ಈಗಲೂ ತಡೆಯಲಾರೆ. ಇಳಿದದ್ದು ಭಯ ಮತ್ತು ಅದರ ಬೆನ್ನಿಗೆ ಬರುತ್ತಿದ್ದ ನಿದ್ರೆಗೇಡು. ಈ ಚಿಕಿತ್ಸೆ ಪರೀಕ್ಷೆಗೆ ಬದಲಿಯೂ ಅಲ್ಲ: ಪೆಟ್ಟಿನ ನಂತರ ತಲೆನೋವು ಏರುತ್ತಲೇ ಹೋದರೆ, ಪದೇಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಫೀಸು ಕೊಡಲಾಗದವರು, ಯಾರನ್ನು ಕೇಳಬೇಕೆಂದು ತಿಳಿಯದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416 ಸಂಖ್ಯೆಗೆ, ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ದೀಪಾವಳಿಗೆ ಅಂಗಡಿಯಲ್ಲಿ ಹೊಸ ಕಿರ್ದಿಗೆ ಪೂಜೆ ಮಾಡಿ, ಮೊದಲ ಪುಟದಲ್ಲಿ ಕುಂಕುಮದಿಂದ ಶ್ರೀ ಬರೆದು ನನ್ನ ಕೈಗೇ ಕೊಟ್ಟರು. ಎಂಟನೆಯ ಪುಟದಲ್ಲಿ ಹಮಾಲಿಯ ಮೊತ್ತವನ್ನು ತಪ್ಪಾಗಿ ಬರೆದು ಹೊಡೆದುಹಾಕಿದ್ದೇನೆ. ಅದನ್ನು ಇನ್ನೊಂದು ಪುಸ್ತಕಕ್ಕೆ ನಮೂದಿಸಬೇಕೆಂದು ಸಂಜೆಯವರೆಗೂ ನೆನಪಾಗಲಿಲ್ಲ.