ಸಿಹಿ ಹಾಕದ ಗಂಜಿ: ಆರು ವಾರಗಳ ದಾಖಲೆ

1ನೇ ದಿನ

ಬೆಳಗ್ಗೆ ಎದ್ದು ಹೊರಡುವುದರೊಳಗೆ ಅಡುಗೆಗೆಂದು ನನಗೆ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ಬೆಂದಿರಬೇಕು, ಮಧ್ಯಾಹ್ನದವರೆಗೆ ಹೊಟ್ಟೆ ತಡೆಯಬೇಕು, ತೊಳೆಯಲು ಒಂದೇ ಪಾತ್ರೆ ಇರಬೇಕು. ಇದಕ್ಕೆ ಗಂಜಿಯಷ್ಟು ಹೊಂದುವ ಊಟ ಇನ್ನೊಂದಿಲ್ಲ. ಆದರೆ ಮನೆಯಲ್ಲಿರುವುದು ಬಿಸಿನೀರು ಸುರಿದರೆ ಸಾಕೆನ್ನುವ ಓಟ್ಸ್ ಪೊಟ್ಟಣ. ಇವತ್ತು ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿದೆ: 40 ಗ್ರಾಂ ಪೊಟ್ಟಣದಲ್ಲಿ 12 ಗ್ರಾಂ ಸಕ್ಕರೆ. ಒಂದು ಟೀ ಚಮಚಕ್ಕೆ 4 ಗ್ರಾಂ ಎಂದು ಹಿಡಿದರೆ ಮೂರು ಚಮಚ. ಬೇರೆಯಾಗಿ ತಟ್ಟೆಗೆ ಸುರಿದುಕೊಂಡು ನೋಡಿದೆ. ಇಷ್ಟನ್ನು ಕಣ್ಣಿಗೆ ಕಾಣುವಂತೆ ಇಟ್ಟಿದ್ದರೆ ನಾನು ಯಾವತ್ತೂ ಗಂಜಿಗೆ ಹಾಕುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದಂಥವುಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. 2,000 ಕ್ಯಾಲೊರಿಯ ಊಟಕ್ಕೆ ಶೇ. 5 ಎಂದರೆ ಸುಮಾರು 25 ಗ್ರಾಂ. ಅದರಲ್ಲಿ ಅರ್ಧದಷ್ಟು ಹಲ್ಲುಜ್ಜಿ ಅರ್ಧ ಗಂಟೆಯೊಳಗೇ ಮುಗಿದುಹೋಗುತ್ತಿತ್ತು.

ನನಗೆ ನಾನೇ ಹಾಕಿಕೊಂಡ ಕಟ್ಟಳೆ: ಸಕ್ಕರೆ ಇಲ್ಲ, ಜೇನು ಇಲ್ಲ, ಖರ್ಜೂರ ಇಲ್ಲ, ಕೃತಕ ಸಿಹಿಯೂ ಇಲ್ಲ. ಒಲೆ ಹಚ್ಚಿದ್ದರಿಂದ ಬಟ್ಟಲಿಗೆ ಬರುವವರೆಗೆ ಹತ್ತು ನಿಮಿಷ. ರುಚಿಯಾಗಿರಬೇಕು, ಔಷಧಿಯಂತೆ ನುಂಗುವುದಾದರೆ ಈ ಯೋಜನೆಗೆ ಅರ್ಥವಿಲ್ಲ.

4ನೇ ದಿನ

ಅಂಗಡಿಯ ಕಪಾಟಿನ ಮುಂದೆ ಮುಕ್ಕಾಲು ಗಂಟೆ ನಿಂತೆ. ಮೊದಲು ಕಲಿತದ್ದು, ಡಬ್ಬಿಯ ಮುಂಭಾಗವನ್ನು ನಂಬಬಾರದು ಎನ್ನುವುದು. 'ಧಾನ್ಯದ ಸತ್ವ', 'ನೈಸರ್ಗಿಕ' ಮುಂತಾದ ಮಾತುಗಳು ಸಿಹಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಓದಬೇಕಾದ್ದು ಪದಾರ್ಥಗಳ ಪಟ್ಟಿ. ಅದು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ: ಮೊದಲು ಬರುವುದು ಎಲ್ಲಕ್ಕಿಂತ ಹೆಚ್ಚು ಇರುವುದು. ಸಕ್ಕರೆ ಎರಡನೆಯದಾಗಿ ಬಂದರೆ ಆ ಡಬ್ಬಿಯನ್ನು ಮರಳಿ ಇಟ್ಟುಬಿಡಬಹುದು. ಆದರೆ ಸಿಹಿಯನ್ನು ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟ್ ಸಾರ, ಹಣ್ಣಿನ ಸಾಂದ್ರ ರಸ ಎಂದು ನಾಲ್ಕು ಹೆಸರುಗಳಲ್ಲಿ ಒಡೆದು ಹಾಕಿದ್ದರೆ ಪ್ರತಿಯೊಂದೂ ಪಟ್ಟಿಯ ಕೆಳಗೆ ಸರಿಯುತ್ತದೆ, ನಾಲ್ಕೂ ಕೂಡಿದರೆ ಮಾತ್ರ ನಿಜವಾದ ಪ್ರಮಾಣ ತಿಳಿಯುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಇನ್ನೊಂದು ಬಗೆ, ಪಿಷ್ಟವನ್ನು ಒಡೆದು ಮಾಡಿದ ಪುಡಿ. ಪೋಷಕಾಂಶದ ಕೋಷ್ಟಕದಲ್ಲಿ ಅದು ಸಕ್ಕರೆಯ ಸಾಲಿಗೆ ಬಹುಮಟ್ಟಿಗೆ ಸೇರುವುದೇ ಇಲ್ಲ, ಆದರೆ ಹೊಟ್ಟೆಗೆ ಹೋದ ಮೇಲೆ ಬೇಗ ಗ್ಲೂಕೋಸ್ ಆಗುತ್ತದೆ.

'ಸಕ್ಕರೆ ಸೇರಿಸಿಲ್ಲ' ಎಂಬ ಡಬ್ಬಿ ಸಿಕ್ಕಾಗ ಹಿಗ್ಗಿದೆ. ಹಿಂದೆ ತಿರುಗಿಸಿದರೆ ಸುಕ್ರಲೋಸ್ ಎಂಬ ಕೃತಕ ಸಿಹಿ ಇತ್ತು. ಸಕ್ಕರೆ ಇಲ್ಲ ಎನ್ನುವುದು ಬೇರೆ, ಸಿಹಿ ಇಲ್ಲ ಎನ್ನುವುದು ಬೇರೆ. ನನಗೆ ಬೇಕಾದದ್ದು ಎರಡನೆಯದು.

ಇನ್ನೊಂದು ಡಬ್ಬಿಯಲ್ಲಿ ಇದರ ತಲೆಕೆಳಗು. ಪಟ್ಟಿಯಲ್ಲಿ ಓಟ್ಸ್ ಮತ್ತು ಹಾಲಿನ ಪುಡಿ ಬಿಟ್ಟರೆ ಬೇರೇನೂ ಇಲ್ಲ, ಆದರೂ ಕೋಷ್ಟಕದಲ್ಲಿ ಸಕ್ಕರೆ ಕಾಣುತ್ತದೆ. ಅದು ಹಾಲಿನ ಲ್ಯಾಕ್ಟೋಸ್, 100 ಮಿ.ಲೀ. ಹಾಲಿನಲ್ಲೇ ಸುಮಾರು 5 ಗ್ರಾಂ ಇರುತ್ತದೆ. ಅದು ಯಾರೂ ಸೇರಿಸಿದ್ದಲ್ಲ, ಗಂಜಿಯನ್ನು ಹೇಳಿಕೊಳ್ಳುವಷ್ಟು ಸಿಹಿ ಮಾಡುವುದೂ ಇಲ್ಲ. ಓಟ್ಸ್‌ನಿಂದ ಮಾಡಿದ 'ಹಾಲು' ಮಾತ್ರ ಹಾಗಲ್ಲ. ಅದನ್ನು ತಯಾರಿಸುವಾಗ ಅಮೈಲೇಸ್ ಎಂಬ ಕಿಣ್ವ ಹಾಕಿ ಪಿಷ್ಟವನ್ನು ಒಡೆಯುತ್ತಾರೆ, ಪಿಷ್ಟ ಮಾಲ್ಟೋಸ್ ಎಂಬ ಸಕ್ಕರೆಯಾಗುತ್ತದೆ. ಹೊರಗಿನಿಂದ ಒಂದು ಕಾಳು ಸಕ್ಕರೆ ಹಾಕದಿದ್ದರೂ ನಾಲಿಗೆಗೆ ಸಿಹಿಯೇ.

ಖಾರದ ಪೊಟ್ಟಣಗಳಾದರೂ ಸರಿಯಿರಬಹುದು ಎಂದುಕೊಂಡಿದ್ದೆ. ನೋಡಿದ ಮೂರರಲ್ಲೂ ಸಕ್ಕರೆ ಇತ್ತು, ಜೊತೆಗೆ ಉಪ್ಪು ಧಾರಾಳ. ಕೋಷ್ಟಕದಲ್ಲಿ ಸೋಡಿಯಂ ಎಂದಿದ್ದರೆ ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 400 ಮಿ.ಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು.

ಕೊನೆಗೆ ಕೊಂಡದ್ದು ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಪದ ಇರುವ ಎರಡು ಚೀಲ. ಒಂದರಲ್ಲಿ ಚಪ್ಪಟೆಯಾಗಿ ಒತ್ತಿದ ಚಕ್ಕೆ, ಇನ್ನೊಂದರಲ್ಲಿ ಸ್ಟೀಲ್ ಕಟ್ ಎನ್ನುವ ನುಚ್ಚು. ಎರಡೂ ಕಪಾಟಿನ ಅತ್ಯಂತ ಕೆಳಗಿನ ಸಾಲಿನಲ್ಲಿದ್ದವು. ಕುಕ್ಕರಗಾಲಲ್ಲಿ ಕೂತು ನೋಡಿದರೆ ಮಾತ್ರ ಕಾಣುವ ಜಾಗ.

8ನೇ ದಿನ

ಧಾನ್ಯ ಒಂದೇ, ರೂಪ ಬೇರೆ, ಬೇಯುವ ಹೊತ್ತೂ ಬೇರೆ. ಹೊಟ್ಟು ತೆಗೆದ ಇಡೀ ಕಾಳನ್ನು ಎರಡು ಮೂರು ತುಂಡು ಮಾಡಿದರೆ ನುಚ್ಚು. ಬೇಯಲು 20ರಿಂದ 30 ನಿಮಿಷ. ಹಬೆಯಲ್ಲಿ ಮೆತ್ತಗೆ ಮಾಡಿ ಉರುಳೆಗಳ ನಡುವೆ ಒತ್ತಿದರೆ ಚಕ್ಕೆ. 5ರಿಂದ 10 ನಿಮಿಷ. ಇನ್ನೂ ತೆಳ್ಳಗೆ ಒತ್ತಿ ಕತ್ತರಿಸಿದ್ದು ಒಂದೆರಡು ನಿಮಿಷದ ಚಕ್ಕೆ. ಮೊದಲೇ ಬೇಯಿಸಿ ಒಣಗಿಸಿದ್ದು ಇನ್ಸ್ಟಂಟ್. ಬೇಗ ಬೇಯುವುದೆಲ್ಲ ಬೇಗ ಜೀರ್ಣವೂ ಆಗುತ್ತದೆ. ಚಕ್ಕೆಯ ಗಂಜಿಗೆ ಗ್ಲೈಸಿಮಿಕ್ ಸೂಚ್ಯಂಕ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎನ್ನುವ ಅಳತೆ) ಸುಮಾರು 55, ಇನ್ಸ್ಟಂಟ್‌ಗೆ 75ರ ಮೇಲೆ. ಅಂದರೆ ಮಧ್ಯಾಹ್ನದವರೆಗೆ ತಡೆಯಬೇಕೆನ್ನುವ ನನಗೆ ಅವಸರದ ಚಕ್ಕೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಇವತ್ತು ಚಕ್ಕೆಯನ್ನು ಎರಡು ರೀತಿ ಬೇಯಿಸಿದೆ. ಎರಡಕ್ಕೂ 40 ಗ್ರಾಂ ಚಕ್ಕೆ, 240 ಮಿ.ಲೀ. ನೀರು. ಒಂದನ್ನು ತಣ್ಣೀರಿನಲ್ಲೇ ಹಾಕಿ ಒಲೆಗಿಟ್ಟೆ, ಇನ್ನೊಂದನ್ನು ಕುದಿಯುವ ನೀರಿಗೆ ಸುರಿದೆ. ತಣ್ಣೀರಿನದು ನುಣ್ಣಗೆ, ಕೆನೆಯಂತೆ ಬಂತು. ಕುದಿನೀರಿನದರಲ್ಲಿ ಚಕ್ಕೆಗಳು ಬಿಡಿಬಿಡಿಯಾಗಿ, ಅಗಿಯಲು ಏನೋ ಇದೆ ಅನ್ನಿಸುವಂತೆ ಉಳಿದವು. ತಣ್ಣೀರಿನಿಂದ ನಿಧಾನ ಬಿಸಿಯಾಗುವಾಗ ಪಿಷ್ಟಕ್ಕೆ ನೀರಿಗೆ ಬಿಡಲು ಸಮಯ ಸಿಗುತ್ತದೆ, ಕಲಕಿದಷ್ಟೂ ಇನ್ನಷ್ಟು ಬಿಡುತ್ತದೆ. ನನಗೆ ಕುದಿನೀರಿನದೇ ಇಷ್ಟವಾಯಿತು. ಸಿಹಿ ಇಲ್ಲದ ಗಂಜಿಗೆ ಅಗಿತ ಬೇಕು. ಅಂಟಂಟಾದ ಸಪ್ಪೆ ಎರಡನೆಯ ತುತ್ತಿಗೇ ಸಾಕೆನಿಸುತ್ತದೆ.

ಆದರೂ ಒಪ್ಪಿಕೊಳ್ಳಬೇಕು: ಈ ವಾರದ ಗಂಜಿ ಯಾವುದೂ ರುಚಿಯಾಗಿರಲಿಲ್ಲ.

13ನೇ ದಿನ

ಉಪ್ಪು. ಇಷ್ಟು ದಿನ ಗಂಜಿ ಇಳಿಸಿದ ಮೇಲೆ ಅಂದಾಜಿಗೆ ಉದುರಿಸುತ್ತಿದ್ದೆ, ಒಂದು ತುತ್ತು ಸಪ್ಪೆ, ಇನ್ನೊಂದು ಉಪ್ಪುಪ್ಪು. ಇವತ್ತು ಹತ್ತು ಚಿಟಿಕೆ ತೆಗೆದು ತೂಗಿದೆ: 4 ಗ್ರಾಂ. ನನ್ನ ಬೆರಳಿನ ಒಂದು ಚಿಟಿಕೆ 0.4 ಗ್ರಾಂ ಎಂದಾಯಿತು. 40 ಗ್ರಾಂ ಚಕ್ಕೆಗೆ ಅಷ್ಟೇ ಸಾಕು, ಅದೂ ನೀರಿಗೇ ಹಾಕಬೇಕು. ಉಪ್ಪು ಬರೀ ಉಪ್ಪಿನ ರುಚಿ ಕೊಡುವುದಿಲ್ಲ, ಕಹಿಯನ್ನು ಅಡಗಿಸುತ್ತದೆ. ಕಹಿ ಹಿಂದೆ ಸರಿದಾಗ ಧಾನ್ಯದೊಳಗಿನ ಸವಿ ಮುಂದೆ ಬರುತ್ತದೆ.

ಎರಡನೆಯ ಬದಲಾವಣೆ ಹುರಿಯುವುದು. ಅಗಲದ ಬಾಣಲೆ, ಎಣ್ಣೆ ಇಲ್ಲ, ನಡು ಉರಿ, ನಾಲ್ಕು ನಿಮಿಷ ಕೈ ಬಿಡದೆ ಆಡಿಸಿದೆ. ಬಣ್ಣ ಸ್ವಲ್ಪವೇ ಬದಲಾಗುತ್ತದೆ, ಆದರೆ ಅಡುಗೆಮನೆಯ ತುಂಬ ಕಡಲೆಬೀಜ ಹುರಿದಂಥ ಪರಿಮಳ. ಬ್ರೆಡ್ಡಿನ ಅಂಚು ಕಂದಾಗುವಾಗ ನಡೆಯುವ ಮೈಲಾರ್ಡ್ ಕ್ರಿಯೆಯೇ ಇಲ್ಲೂ ನಡೆಯುವುದು. ಒಂದು ವಾರಕ್ಕಾಗುವಷ್ಟನ್ನು ಒಟ್ಟಿಗೆ ಹುರಿದು, ಆರಿಸಿ, ಗಾಳಿಯಾಡದ ಡಬ್ಬಿಗೆ ಹಾಕಿದೆ. ಇಂದಿನ ಬಟ್ಟಲನ್ನು ಮೊದಲ ಬಾರಿಗೆ ತಳದವರೆಗೆ ಖುಷಿಯಿಂದ ಉಂಡೆ. ಹದಿಮೂರು ದಿನದಲ್ಲಿ ಈ ಯೋಜನೆಗೆ ಸಿಕ್ಕ ಅತಿ ದೊಡ್ಡ ಗೆಲುವು ಇದೇ.

17ನೇ ದಿನ

ಹುರಿದ ಚಕ್ಕೆಯನ್ನೇ ಇವತ್ತು ನಿಧಾನವಾಗಿ, ಬಾಯಲ್ಲೇ ಇಟ್ಟುಕೊಂಡು ಅಗಿದೆ. ಅರ್ಧ ನಿಮಿಷಕ್ಕೆ ಸಣ್ಣ ಸಿಹಿ ಮೂಡಿತು. ಜೊಲ್ಲಿನಲ್ಲೂ ಅಮೈಲೇಸ್ ಇದೆ, ಅದೂ ಪಿಷ್ಟವನ್ನು ಮಾಲ್ಟೋಸ್ ಮಾಡುತ್ತದೆ. ಶಾಲೆಯಲ್ಲಿ ಪಾಠದಲ್ಲಿ ಓದಿದ್ದನ್ನು ನಾಲಿಗೆ ಇಷ್ಟು ವರ್ಷ ಬಿಟ್ಟು ಒಪ್ಪಿಕೊಂಡಿತು. ಪೊಟ್ಟಣದ ಸಿಹಿ ತಿನ್ನುತ್ತಿದ್ದಾಗ ಇದು ಕಂಡುಬರಲು ಸಾಧ್ಯವೇ ಇರಲಿಲ್ಲ.

22ನೇ ದಿನ

ನುಚ್ಚಿನ ಗಂಜಿಯ ಅಗಿತ ಚಕ್ಕೆಗಿಂತ ಎಷ್ಟೋ ಮೇಲು. ಆದರೆ 25 ನಿಮಿಷ ನನ್ನ ಬೆಳಗಿನಲ್ಲಿಲ್ಲ. ಮೂರು ದಾರಿ ನೋಡಿದೆ.

ಪ್ರೆಷರ್ ಕುಕ್ಕರ್ ಬೇಡ. ಓಟ್ಸ್ ನೊರೆಯೆದ್ದು ಆವಿಯ ದಾರಿಯನ್ನು ಕಟ್ಟಿಬಿಡಬಹುದು.

ಥರ್ಮಾಸ್ ಫ್ಲಾಸ್ಕ್ ಮೇಲೆ ದೊಡ್ಡ ಆಸೆಯಿತ್ತು. ರಾತ್ರಿ ಕುದಿನೀರು ಸುರಿದು ಮುಚ್ಚಿಟ್ಟರೆ ಬೆಳಗ್ಗೆ ಗಂಜಿ ಸಿದ್ಧ. ಬೆಂದದ್ದೂ ನಿಜ, ರುಚಿಯೂ ಚೆನ್ನಾಗಿತ್ತು. ಆದರೆ ಅಡುಗೆಯ ಥರ್ಮಾಮೀಟರ್ ಇಳಿಬಿಟ್ಟರೆ 48 ಡಿಗ್ರಿ. ಅಲ್ಲಿಗೆ ಆ ಗಂಜಿಯನ್ನು ಚೆಲ್ಲಿದೆ. ಧಾನ್ಯದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿನೀರಿಗೂ ಸಾಯುವುದಿಲ್ಲ. ಬಿಸಿ 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಬಹಳ ಹೊತ್ತು ನಿಂತರೆ ಮೊಳೆತು ಬೆಳೆಯುತ್ತವೆ. ದೊಡ್ಡ ಫ್ಲಾಸ್ಕಿನಲ್ಲಿ ಒಬ್ಬರಿಗಾಗುವಷ್ಟೇ ಗಂಜಿ ಇಟ್ಟದ್ದು ನನ್ನ ತಪ್ಪು, ಕಡಿಮೆ ಪ್ರಮಾಣ ಬೇಗ ಆರುತ್ತದೆ. ಫ್ಲಾಸ್ಕನ್ನು ಮೊದಲು ಕುದಿನೀರಿನಿಂದ ಕಾಯಿಸಿ, ಕಂಠದವರೆಗೆ ತುಂಬಿ, ಎರಡು ಗಂಟೆಯೊಳಗೆ ಉಣ್ಣುವುದಾದರೆ ಸರಿ. ರಾತ್ರಿಯಿಡೀ ಅಂತೂ ಇಲ್ಲ.

ಮೂರನೆಯದು ಹಸಿ ನುಚ್ಚನ್ನು ತಣ್ಣೀರಿನಲ್ಲಿ ನೆನೆಹಾಕಿ ರಾತ್ರಿ ಫ್ರಿಜ್ಜಿನಲ್ಲಿಡುವುದು. ಬೆಳಗ್ಗೆ ಅದೇ ನೀರಿನಲ್ಲಿ 11 ನಿಮಿಷಕ್ಕೆ ಬೆಂದಿತು. ಒಂದು ನಿಮಿಷ ಹೆಚ್ಚು. ಕಟ್ಟಳೆ ಕಟ್ಟಳೆಯೇ.

29ನೇ ದಿನ

ಭಾನುವಾರ 160 ಗ್ರಾಂ ನುಚ್ಚನ್ನು ಒಮ್ಮೆಲೇ ಬೇಯಿಸಿ, ಅಗಲ ತಟ್ಟೆಗೆ ಹರವಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದೆ. ನಾಲ್ಕು ಬೆಳಗಿಗೆ ನಾಲ್ಕು ಪಾಲು. ತಣ್ಣಗಾದ ಪಿಷ್ಟ ಗಟ್ಟಿಯಾಗಿ ಬಿಲ್ಲೆಯಂತೆ ಕೂತಿರುತ್ತದೆ. ಒಂದು ಪಾಲಿಗೆ 70 ಮಿ.ಲೀ. ನೀರು ಹಾಕಿ ಸಣ್ಣ ಉರಿಯಲ್ಲಿ ಮುರಿಯುತ್ತ ಕಲಕಿದರೆ ನಾಲ್ಕು ನಿಮಿಷಕ್ಕೆ ಹೊಸದರಂತೆ. ಸಮಯದ ಸಮಸ್ಯೆ ಇಲ್ಲಿಗೆ ಮುಗಿಯಿತು.

ಒಂದು ವಿಚಿತ್ರ ಕಂಡೆ. ಮಂಗಳವಾರ ಹಸಿವು ತಡೆಯದೆ ದೊಡ್ಡ ಡಬ್ಬಿಯಿಂದಲೇ ಚಮಚದಲ್ಲಿ ನಾಲ್ಕು ತುತ್ತು ತಿಂದು ಮುಚ್ಚಿಟ್ಟಿದ್ದೆ. ಬುಧವಾರ ನೋಡಿದರೆ ಗಟ್ಟಿಯಿದ್ದ ಗಂಜಿ ಚಮಚ ಆಡಿಸಿದ ಕಡೆ ನೀರುನೀರಾಗಿತ್ತು. ಕೆಟ್ಟಿರಬೇಕೆಂದು ಹೆದರಿದೆ. ಯೋಚಿಸಿದ ಮೇಲೆ ಹೊಳೆದದ್ದು, ಇದೂ ಅದೇ ಜೊಲ್ಲಿನ ಅಮೈಲೇಸ್. ಎಂಜಲು ಚಮಚದಿಂದ ಡಬ್ಬಿಗೆ ಇಳಿದು ರಾತ್ರಿಯೆಲ್ಲ ಪಿಷ್ಟವನ್ನು ಕತ್ತರಿಸುತ್ತ ಕೂತಿದೆ. ಅಂದಿನಿಂದ ಡಬ್ಬಿಯಿಂದ ಬಟ್ಟಲಿಗೆ ಹಾಕಿಕೊಂಡೇ ಉಣ್ಣುವುದು.

35ನೇ ದಿನ

ಮೇಲಿನ ರುಚಿಗಳ ಪರೀಕ್ಷೆ. ಸಿಹಿಯ ಜಾಗವನ್ನು ಇನ್ನೊಂದೇ ರುಚಿಯಿಂದ ತುಂಬಲು ಹೋದರೆ ಆಗುವುದಿಲ್ಲ ಎನ್ನುವುದು ನನ್ನ ಅನುಭವ. ಸ್ವಲ್ಪ ಹುಳಿ, ಸ್ವಲ್ಪ ಜಿಡ್ಡು, ಹಲ್ಲಿಗೆ ಸಿಗುವ ಒಂದಿಷ್ಟು ಗರಿಗರಿ, ಮೂರೂ ಕೂಡಬೇಕು. ಅಣಬೆ ಮತ್ತು ಈರುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕಂದು ಬರುವವರೆಗೆ ಬಾಡಿಸಿ, ಅದೇ ಪಾತ್ರೆಗೆ ಗಂಜಿ ಸೇರಿಸಿ, ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆ ಹಿಂಡಿದ್ದು ಅತ್ಯುತ್ತಮ. ಮೊಸರು ಮತ್ತು ಕಾಳುಮೆಣಸು ಎರಡನೆಯದು. ಮೊಟ್ಟೆಯೂ ಹೊಂದುತ್ತದೆ: ಕಡೆದ ಒಂದು ಮೊಟ್ಟೆಯನ್ನು ಬಿಸಿ ಗಂಜಿಗೆ ಸಣ್ಣ ಧಾರೆಯಾಗಿ ಬಿಡುತ್ತ ಕಲಕಿ, ಮತ್ತೆ ಗುಳ್ಳೆ ಏಳುವವರೆಗೆ ಒಲೆಯ ಮೇಲಿಟ್ಟರೆ ಕೆನೆಯಂತಾಗುತ್ತದೆ. 40 ಗ್ರಾಂ ಓಟ್ಸ್‌ನ ಪ್ರೋಟೀನ್ ಸುಮಾರು 5 ಗ್ರಾಂ, ಮೊಟ್ಟೆಯದು 6 ಗ್ರಾಂ. ಮೊಟ್ಟೆ ಹಾಕಿದ ದಿನ ಮಧ್ಯಾಹ್ನ ಒಂದು ಗಂಟೆಯವರೆಗೂ ಹಸಿವಿನ ನೆನಪೇ ಬರಲಿಲ್ಲ.

42ನೇ ದಿನ

ಉಳಿದದ್ದು ಪ್ರಯಾಣ. ಒಲೆಯಿಲ್ಲ, ಕೆಟಲ್ ಮಾತ್ರ ಇದೆ ಎನ್ನುವ ಕಡೆಗೆ ಪೊಟ್ಟಣ ಬೇಕೇ ಬೇಕು. ಹಾಗಾದರೆ ನಾನೇ ಕಟ್ಟಬೇಕು. ತೆಳು ಚಕ್ಕೆ 40 ಗ್ರಾಂ, ಒಂದು ಚಿಟಿಕೆ ಉಪ್ಪು, ಒಣಗಿಸಿದ ಈರುಳ್ಳಿ, ಕಾಳುಮೆಣಸಿನ ಪುಡಿ. ಮೊದಲ ಸಲ ಕುದಿನೀರು ಸುರಿದಾಗ ಚಕ್ಕೆ ತಳದಲ್ಲಿ, ನೀರು ಮೇಲೆ. ಎಲ್ಲ ಚಕ್ಕೆಯನ್ನೂ ಪುಡಿ ಮಾಡಿದರೆ ಒಳಗೆ ಒಣ ಹಿಟ್ಟಿರುವ ಗಂಟುಗಳು. ನಾಲ್ಕನೆಯ ಪ್ರಯತ್ನಕ್ಕೆ ಹದ ಸಿಕ್ಕಿತು: 30 ಗ್ರಾಂ ಚಕ್ಕೆ ಹಾಗೆಯೇ, 10 ಗ್ರಾಂ ಮಾತ್ರ ಪುಡಿ, 180 ಮಿ.ಲೀ. ಕುದಿನೀರನ್ನು ಎರಡು ಸಲಕ್ಕೆ ಹಾಕಿ ಕಲಕುವುದು, ಮೂರು ನಿಮಿಷ ಮುಚ್ಚಿಡುವುದು. ಪುಡಿ ನೀರನ್ನು ಮಂದ ಮಾಡುತ್ತದೆ, ಚಕ್ಕೆ ಅಗಿತ ಕೊಡುತ್ತದೆ. ಹೊಟ್ಟೆ ತಡೆಯುವುದರಲ್ಲಿ ನುಚ್ಚಿಗೆ ಸಾಟಿಯಲ್ಲ, ಹಾಗಾಗಿ ಜೊತೆಗೆ ಒಂದು ಹಿಡಿ ಹುರಿದ ಕಡಲೆಬೀಜ.

ಓಟ್ಸ್‌ನಲ್ಲಿ ಶೇ. 7ರಷ್ಟು ಕೊಬ್ಬಿದೆ. ಪುಡಿಯಾದಾಗ ಅದಕ್ಕೆ ಗಾಳಿ ಹೆಚ್ಚು ತಗಲಿ ಬೇಗ ಕಮಟು ಬರುತ್ತದೆ, ಕಹಿಯಾಗುತ್ತದೆ. ಒಂದು ತಿಂಗಳು ಎಂದು ಗಡುವು ಇಟ್ಟುಕೊಂಡಿದ್ದೇನೆ. ಇವತ್ತು ಎಂಟು ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ತಾರೀಖು ಮತ್ತು ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದೆ. ನಾಲ್ಕು ಪದಗಳಿಗೆ ಮುಗಿಯಿತು.