ಸೋಮವಾರಪೇಟೆಯ ಪಿನ್‌ಕೋಡ್ ಬಿಡಿಸಿದಾಗ

ಸೋಮವಾರಪೇಟೆಯ ಪಿನ್‌ಕೋಡ್ 571236. ಪಾರ್ಸೆಲ್ ಮೇಲೆ ಬರೆದು ಮರೆತುಬಿಡುವ ಈ ಸಂಖ್ಯೆಯನ್ನು ಒಮ್ಮೆ ಅಪವರ್ತಿಸಿ ನೋಡಿ, ಬಹಳ ಚೆಂದವಿದೆ. ಕೊನೆಯ ಎರಡಂಕಿ 36, ಹಾಗಾಗಿ 4ರಿಂದ ಭಾಗವಾಗುತ್ತದೆ: 142809. ಇದರ ಅಂಕಿಗಳ ಮೊತ್ತ 24; 3ರಿಂದ ಭಾಗಿಸಿದರೆ 47603.

ಕಷ್ಟ ಶುರುವಾಗುವುದು ಇಲ್ಲಿ. 47600 ಅಂದರೆ 7×17×400. ಆದ್ದರಿಂದ 7, 17 ಎರಡಕ್ಕೂ ಶೇಷ 3, ಭಾಗಾಕಾರ ಬರೆಯುವುದೇ ಬೇಡ. 41, 43 ಎರಡರಲ್ಲೂ 2 ಉಳಿದು ಸ್ವಲ್ಪದರಲ್ಲಿ ತಪ್ಪುತ್ತದೆ. ನೂರರವರೆಗೆ ನೋಡಿ ‘ಅವಿಭಾಜ್ಯ’ ಎಂದು ಕೈಬಿಡುವುದೇ ಸಾಮಾನ್ಯ ತಪ್ಪು. ವರ್ಗಮೂಲ 218ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೂ ಹೋಗಲು ತಯಾರಿರಬೇಕು. 181ರಲ್ಲಿ ಸಿಗುತ್ತದೆ: 181×263.

ಅಂದರೆ 2²×3×181×263. ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ 3×2×2×2, ಒಟ್ಟು 24 ಭಾಜಕಗಳು. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 774108, ಮೂಲ ಸಂಖ್ಯೆಗಿಂತಲೂ ದೊಡ್ಡದು.