ಚಾಪ್ಲಿನ್ ಒಬ್ಬ ಸಾಲದೇನಪ್ಪಾ?

ನನ್ನ ಕಪಾಟಿನ ಡಿಸ್ಕುಗಳನ್ನು ನೋಡಿದವರೆಲ್ಲ ಕೇಳುವುದು ಇಷ್ಟೇ: ‘ಚಾಪ್ಲಿನ್ ಇದ್ದಾನೆ, ಕೀಟನ್ ಇದ್ದಾನೆ. ಹೆಸರೇ ಕೇಳದವರ ಈ ಮೂಕಿ ಕಾಮಿಡಿಗಳನ್ನೆಲ್ಲ ಯಾಕೆ ಗುಡ್ಡೆ ಹಾಕ್ತೀಯ?’

ಇವುಗಳಲ್ಲಿ ಬಹುಪಾಲು ಸಾಧಾರಣ ಚಿತ್ರಗಳೇ, ಸುಳ್ಳು ಯಾಕೆ ಹೇಳಲಿ. ಒಬ್ಬ ಒದೀತಾನೆ, ಇನ್ನೊಬ್ಬ ಬೀಳ್ತಾನೆ, ಪೊಲೀಸರು ಅಟ್ಟಿಸಿಕೊಂಡು ಬರ್ತಾರೆ, ಮುಗೀತು. ಆದರೆ ನಡುವೆ ಚಾರ್ಲಿ ಬವರ್ಸ್‌ನಂಥವನು ಸಿಕ್ಕಿಬಿಡುತ್ತಾನೆ. 1926ರ ‘ಎಗ್ಡ್ ಆನ್’ ನೋಡಿ. ಒಡೆಯದ ಮೊಟ್ಟೆಗಾಗಿ ಯಂತ್ರ ಕಟ್ಟುವ ಹುಚ್ಚು ಅವನಿಗೆ. ಕಾರಿನ ಎಂಜಿನ್ ಬಳಿ ಇಟ್ಟ ಮೊಟ್ಟೆಗಳು ಕಾವಿಗೆ ಬಿರಿಯುತ್ತವೆ. ಹೊರಬರುವುದು ಕೋಳಿಮರಿಯಲ್ಲ, ಪುಟಾಣಿ ಕಾರುಗಳು! ಮೈ ಬಿಚ್ಚಿಕೊಂಡು, ತೂರಾಡಿಕೊಂಡು, ತಾಯಿ ಕಾರಿನ ಅಡಿಗೆ ಸೇರಿಕೊಳ್ಳುತ್ತವೆ. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ಚೌಕಟ್ಟಿಗೂ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ತೆಗೆದದ್ದು. ಮೊದಲು ಕಾರ್ಟೂನ್ ಚಿತ್ರ ಮಾಡುತ್ತಿದ್ದವನಿಗೆ ಆ ತಾಳ್ಮೆ ಇತ್ತು.

1946ರಲ್ಲಿ ಬವರ್ಸ್ ತೀರಿಕೊಂಡಾಗ ಅವನ ನೆನಪೇ ಯಾರಿಗೂ ಇರಲಿಲ್ಲ. ಆಮೇಲೆ ಫ್ರಾನ್ಸಿನ ತುಲೂಸ್ ನಗರದ ಚಲನಚಿತ್ರ ಸಂಗ್ರಹಾಲಯಕ್ಕೆ ಕೆಲವು ರೀಲು ಸಿಕ್ಕವು. ಮೇಲೆ ಬರೆದಿದ್ದದ್ದು ‘ಬ್ರಿಕೊಲೊ’ ಅಂತ ಮಾತ್ರ. ಯಾರೀ ಪುಣ್ಯಾತ್ಮ ಎಂದು ಜಾಡು ಹಿಡಿದು ಹೋದರೆ, ಫ್ರೆಂಚರು ಆ ಹೆಸರಿನಿಂದ ಕರೆದಿದ್ದ ಅಮೆರಿಕದ ಬವರ್ಸ್!

ಸಂಗ್ರಾಹಕರಿಗೆ ಹಿಡಿಯುವ ಗೀಳು ಇದೇ. ನೈಟ್ರೇಟ್ ಎಂಬ, ಬೇಗ ಬೆಂಕಿ ಹತ್ತುವ ಫಿಲ್ಮಿನಲ್ಲಿದ್ದ ಥಿಯೇಟರಿನ ಪ್ರತಿಗಳು ಸುಟ್ಟುಹೋದವು, ಕೊಳೆತವು, ಸ್ಟುಡಿಯೋದವರೇ ಎಸೆದರು. ಮನೆಯಲ್ಲಿ ತೋರಿಸಲೆಂದು ಮಾರಿದ 16 ಮಿ.ಮೀ., 9.5 ಮಿ.ಮೀ. ಅಗಲದ ಪ್ರತಿಗಳು ಸುಲಭಕ್ಕೆ ಬೆಂಕಿ ಹತ್ತದ ಫಿಲ್ಮಿನವು. ಅಟ್ಟದ ಮೇಲೆ ಸದ್ದಿಲ್ಲದೆ ಉಳಿದುಕೊಂಡವು. ಮಿಶಿಗನ್‌ನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ರೀಲು 1914ರ ‘ಎ ಥೀಫ್ ಕ್ಯಾಚರ್’ ಎಂದು ಗೊತ್ತಾದದ್ದು, ಅದರಲ್ಲಿ ಪೊಲೀಸ್ ವೇಷದ ಚಾಪ್ಲಿನ್ ಕಾಣಿಸಿಕೊಂಡ ಮೇಲೆ. 2010ರಲ್ಲಿ ಅದನ್ನು ಜನರಿಗೆ ತೋರಿಸಿದರು. ಸಾಧಾರಣ ರೀಲೆಂದು ಬಿಸಾಡಿದ್ದರೆ ಚಾಪ್ಲಿನ್ನೂ ಹೋಗುತ್ತಿದ್ದ! ಲಾರೆಲ್–ಹಾರ್ಡಿಯ ‘ದಿ ಬ್ಯಾಟಲ್ ಆಫ್ ದ ಸೆಂಚುರಿ’ ಗೊತ್ತಲ್ಲ, ಬೀದಿಗೆ ಬೀದಿಯೇ ಪೈ ಎಂಬ ತಿಂಡಿಯನ್ನು ಎರಚಾಡುವ 1927ರ ಚಿತ್ರ? ಆ ಜಗಳದ ರೀಲು ಹೆಚ್ಚುಕಡಿಮೆ ಪೂರ್ತಿಯಾಗಿ ಸಿಕ್ಕಿದ್ದು 2015ರಲ್ಲಿ, ಖಾಸಗಿ ಸಂಗ್ರಹವೊಂದರಲ್ಲಿ.

1927ರಲ್ಲೇ ಅದೇ ಜೋಡಿ ಬಟ್ಟೆ ಒಗೆಯುವ ಯಂತ್ರ ಹೊತ್ತು ಮೆಟ್ಟಿಲು ಹತ್ತಿದ ‘ಹ್ಯಾಟ್ಸ್ ಆಫ್’ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಹಾಗಾಗಿ ತಾತನ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಫಿಲ್ಮ್ ಡಬ್ಬಿ ಇದೆ ಅಂತ ಯಾರಾದರೂ ಅಂದರೆ, ಎಷ್ಟು ಮಿಲಿಮೀಟರಿನದು ಎಂದು ಕೇಳದೆ ನಾನು ಬಿಡುವುದಿಲ್ಲ.